ವಿಡಾಲ್ ಪಾಸಿಟಿವ್ ಬಂದರೆ ಟೈಫಾಯಿಡ್ ಎಂದೇ ಅರ್ಥವೇ?

ನೀವು ಕೇಳಿರುವುದು ಇಷ್ಟು: ಮೂವತ್ತು ದಾಟಿದ ತಮ್ಮನಿಗೆ ಮೂರು ದಿನದಿಂದ ಜ್ವರ. ವಿಡಾಲ್ ಪರೀಕ್ಷೆಯಲ್ಲಿ 1:80 ಬಂದಿದೆ, ಟೈಫಾಯಿಡ್ ಎಂದು ಇಂಜೆಕ್ಷನ್ ಶುರುವಾಗಿದೆ. ಕಳೆದ ವರ್ಷವೂ ಹೀಗೆಯೇ, ಅದರ ಹಿಂದಿನ ವರ್ಷವೂ ಹೀಗೆಯೇ. ಟೈಫಾಯಿಡ್ ವರ್ಷ ವರ್ಷ ಬರುತ್ತದೆಯೇ, ಯಾವ ಜ್ವರ ಎಂದು ವೈದ್ಯರು ಹೇಗೆ ತೀರ್ಮಾನಿಸುತ್ತಾರೆ?

ನಾನು ಜನರಲ್ ಮೆಡಿಸಿನ್ ವೈದ್ಯ. ಮಲೆನಾಡಿನ ಅಂಚಿನ ಊರಿನಲ್ಲಿ ದಿನವಿಡೀ ನೋಡುವುದು ಸಕ್ಕರೆ ಕಾಯಿಲೆ, ಬಿಪಿ, ಮಳೆ ಹಿಡಿಯಿತೆಂದರೆ ಜ್ವರವೋ ಜ್ವರ. ನಿಮ್ಮ ತಮ್ಮನನ್ನು ಕಣ್ಣಾರೆ ನೋಡದೆ ಅವರಿಗೇನಾಗಿದೆ ಎಂದು ಹೇಳಲಾರೆ. ಆದರೆ ಮೂರನೇ ದಿನದ 1:80 ಒಂದನ್ನೇ ನಂಬಿ ಟೈಫಾಯಿಡ್ ಎನ್ನುವುದಕ್ಕೆ ಕವಡೆ ಕಾಸಿನ ಬೆಲೆಯಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ವಿಡಾಲ್ 1896ರ ಕಾಲದ ಪರೀಕ್ಷೆ. ಅದು ರೋಗಾಣುವನ್ನು ಹುಡುಕುವುದಿಲ್ಲ, ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. 1:80 ಎಂದರೆ ರಕ್ತದ ಸೀರಮ್ಮನ್ನು ಎಂಬತ್ತು ಪಟ್ಟು ತೆಳು ಮಾಡಿದರೂ ಅವು ಕಂಡವು ಎಂದು. ಅವು ತಯಾರಾಗುವುದಕ್ಕೆ ಸುಮಾರು ಒಂದು ವಾರ ಬೇಕು. ಹಾಗಾದರೆ ಮೂರನೇ ದಿನವೇ ಕಂಡದ್ದು ಯಾವುದು? ಹಿಂದೆಂದೋ ಬಂದುಹೋದ ಸೋಂಕಿನದು, ಹಾಕಿಸಿಕೊಂಡ ಲಸಿಕೆಯದು, ಇಲ್ಲವೇ ಬೇರೆ ಜ್ವರವೊಂದು ಎಬ್ಬಿಸಿದ ಸುಳ್ಳು ಪ್ರತಿಕ್ರಿಯೆ. ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಎಷ್ಟೋ ಜನರ ರಕ್ತದಲ್ಲೂ ಈ ಮಟ್ಟ ಸಿಗುತ್ತದೆ. ವಾರ ಹತ್ತು ದಿನ ಬಿಟ್ಟು ಮತ್ತೆ ಮಾಡಿಸಿದಾಗ ನಾಲ್ಕು ಪಟ್ಟು ಏರಿದ್ದರೆ ಅದಕ್ಕೊಂದು ಅರ್ಥವುಂಟು. ಆದರೆ ಎರಡನೇ ಸಲ ಮಾಡಿಸುವವರನ್ನು ನಾನಂತೂ ಕಂಡಿಲ್ಲ. ಟೈಫಾಯಿಡ್ ಖಚಿತವಾಗಬೇಕಾದರೆ ರಕ್ತದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಬೇಕು, ಅದೂ ಆ್ಯಂಟಿಬಯೋಟಿಕ್ಕಿನ ಮೊದಲ ಡೋಸ್ ಬೀಳುವ ಮುಂಚೆ. ಹಾಗೆ ಮಾಡಿದರೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ರೋಗಾಣು ಸಿಗುತ್ತದೆ.

ಟೈಫಾಯಿಡ್ ವಾಸಿಯಾದ ಕೆಲವು ವಾರಗಳಲ್ಲಿ ಮರುಕಳಿಸುವುದುಂಟು, ಮುಂದೆಂದೋ ಹೊಸದಾಗಿ ತಗಲುವುದೂ ಉಂಟು. ಆದರೆ ವರ್ಷ ತಪ್ಪದೆ ಬರುವುದು ಬಹುಪಾಲು ಟೈಫಾಯಿಡ್ ಅಲ್ಲ, ವಿಡಾಲ್. "ಇಂಜೆಕ್ಷನ್ ಕೊಟ್ಟ ಮೇಲೆ ಬಿಟ್ಟಿತಲ್ಲ" ಎನ್ನಬಹುದು. ವೈರಲ್ ಜ್ವರ ಐದಾರು ದಿನಕ್ಕೆ ತಾನಾಗಿಯೇ ಬಿಡುತ್ತದೆ. ನಿಜವಾದ ಟೈಫಾಯಿಡ್ ಸರಿಯಾದ ಔಷಧಿ ಬಿದ್ದ ಮೇಲೂ ನಾಲ್ಕೈದು ದಿನ ಸತಾಯಿಸುತ್ತದೆ. ಒಂದು ಸೂಜಿಗೆ ಮರುದಿನವೇ ಇಳಿದ ಜ್ವರದ ಮೇಲೆ ನನಗೆ ಅನುಮಾನ.

ಹಾಗಾದರೆ ನಾವು ನೋಡುವುದು ಏನನ್ನು? ಮೊದಲು ಇವತ್ತು ಜ್ವರದ ಎಷ್ಟನೇ ದಿನ ಎಂಬುದನ್ನು. ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನದೊಳಗೆ ಫಲ ಕೊಡುತ್ತದೆ, ಆಮೇಲೆ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ಆಮೇಲೆ ಕೆಲಸ, ಊರು, ಓಡಾಟ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವರು ಕಣ್ಣು ಕೆಂಪಗೆ ಮಾಡಿಕೊಂಡು, ಮೀನಖಂಡ ಮುಟ್ಟಿದರೆ ಚೀರುವಂತಾಗಿ ಬಂದರೆ ಇಲಿ ಜ್ವರ ನೆನಪಾಗುತ್ತದೆ. ಮಂಗಳೂರಿನ ಕಟ್ಟಡ ಕೆಲಸದಿಂದ ನಡುಗುತ್ತಾ ಊರಿಗೆ ಮರಳಿದವರಿಗೆ ಮಲೇರಿಯಾ ಪರೀಕ್ಷೆ ಆಗಲೇಬೇಕು. ಡಿಸೆಂಬರಿನಿಂದ ಮೇ ತನಕ, ಕಾಡಿನಂಚಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ, ಮಂಗನ ಕಾಯಿಲೆ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನ ಸುತ್ತ.

ಆಮೇಲೆ ಮೈ ನೋಡುವುದು. ಈಗೀಗ ಇದೇ ಅಪರೂಪ. ಒಮ್ಮೆ ನಡುವಯಸ್ಸಿನ ಹೆಂಗಸೊಬ್ಬರು ಜ್ವರ, ತಲೆ ಸಿಡಿಯುವ ನೋವು ಎಂದು ಬಂದರು. ವಾರವಾಗಿತ್ತು, ಕೈಚೀಲದಲ್ಲಿ ಎರಡು ಲ್ಯಾಬುಗಳ ವಿಡಾಲ್ ಚೀಟಿಗಳಿದ್ದವು. ಸಿಸ್ಟರ್ ಪರದೆ ಎಳೆದು ಸೊಂಟದ ಸೀರೆ ಸಡಿಲಿಸಿದಾಗ ಲಂಗದ ಲಾಡಿಯ ಕೆಳಗೆ ಅರ್ಧ ಸೆಂಟಿಮೀಟರಿನ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಸಿಗರೇಟಿನಿಂದ ಸುಟ್ಟ ಹಾಗೆ. "ಅದು ಲಾಡಿ ಉಜ್ಜಿ ಆದದ್ದು ಡಾಕ್ಟರೇ, ನೋವೇ ಇಲ್ಲ" ಎಂದರು ಆಕೆ. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿಯೇ ಯಾರೂ ಅದನ್ನು ಹೇಳುವುದಿಲ್ಲ. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿದ ಗುರುತು ಅದು. ಕಾಯಿಲೆ ಸ್ಕ್ರಬ್ ಟೈಫಸ್, ಔಷಧಿ ಅಗ್ಗದ ಡಾಕ್ಸಿಸೈಕ್ಲಿನ್. ಎರಡು ದಿನದಲ್ಲಿ ಜ್ವರ ಇಳಿಯಿತು. ತಡವಾದರೆ ಇದೇ ಕಾಯಿಲೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿನವರೆಗೆ ಹೋಗುತ್ತದೆ. ಎಲ್ಲರಲ್ಲೂ ಈ ಕಲೆ ಇರುವುದಿಲ್ಲ. ಆದರೆ ಕಂಕುಳು, ತೊಡೆಸಂದು, ಸ್ತನದ ಕೆಳಭಾಗ ನೋಡದವರಿಗೆ ಇದ್ದರೂ ಸಿಗುವುದಿಲ್ಲ.

ಡೆಂಗಿ ಎಂದಾದರೆ ಮನೆಯವರೆಲ್ಲ ಪ್ಲೇಟ್‌ಲೆಟ್ ಲೆಕ್ಕಕ್ಕೆ ಅಂಟಿಕೊಳ್ಳುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವ ಅಗತ್ಯವಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ಅದೇ ಚೀಟಿಯ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಸಾಲಿನ ಮೇಲೆ: ಅದು ಏರುತ್ತಿದ್ದರೆ ರಕ್ತನಾಳಗಳಿಂದ ದ್ರವ ಸೋರುತ್ತಿದೆ ಎಂದರ್ಥ. ಅಪಾಯದ ಕಾಲ ಜ್ವರ ಸುಡುವಾಗಲ್ಲ, ಬಿಟ್ಟ ನಂತರದ ಒಂದೆರಡು ದಿನ. ಜ್ವರ ಹೋಯಿತೆಂದು ಎಲ್ಲರೂ ನಿಟ್ಟುಸಿರು ಬಿಡುವುದೂ ಸರಿಯಾಗಿ ಆಗಲೇ. ಪಪ್ಪಾಯ ಎಲೆಯ ರಸದ ಬಗ್ಗೆ ಜಗಳವಾಡುವ ಉಮೇದು ನನಗೆ ಉಳಿದಿಲ್ಲ. ಅದನ್ನು ಕುಡಿಸಿ ವಾಂತಿ ಮಾಡಿಸಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಇನ್ನು ನಿಮ್ಮ ತಮ್ಮನ ಮಾತು. ನನ್ನ ಉತ್ತರ ಓದಿ ಇಂಜೆಕ್ಷನ್ ನಿಲ್ಲಿಸಬೇಡಿ. ನಾಳೆಯೇ ಆ ವೈದ್ಯರನ್ನು ಕಂಡು, ಮೊದಲ ಡೋಸ್‌ಗೆ ಮುಂಚೆ ಕಲ್ಚರ್ ತೆಗೆದಿದ್ದಾರೆಯೇ, ಡೆಂಗಿ ಮತ್ತು ಮಲೇರಿಯಾ ಪರೀಕ್ಷೆ ಆಗಿದೆಯೇ ಎಂದು ವಿನಯದಿಂದಲೇ ಕೇಳಿ. ಹಳೆಯ ವರ್ಷಗಳ ಚೀಟಿಗಳನ್ನೂ ಜೊತೆಗೆ ಒಯ್ಯಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೆಂಗಿ ಅಲ್ಲವೆಂದು ತಿಳಿಯುವ ತನಕ ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ. ಬಿಡದೆ ವಾಂತಿ, ತೀವ್ರ ಹೊಟ್ಟೆನೋವು, ಒಸಡಿನಲ್ಲಿ ರಕ್ತ, ಉಸಿರಾಟದ ತೊಂದರೆ, ಮಂಕು, ತಣ್ಣಗಾದ ಕೈಕಾಲು, ಮೂತ್ರ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ಹೊತ್ತು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತು ದಿನ ದಾಟಿಯೂ ಬಿಡದ ಜ್ವರದ ದಾರಿ ಬೇರೆ. ಅಲ್ಲಿ ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್, ಕ್ಷಯದ ತಪಾಸಣೆ ಎಲ್ಲವೂ ಬರುತ್ತವೆ, ಅದಕ್ಕೆ ಮೆಡಿಸಿನ್ ತಜ್ಞರನ್ನೇ ಕಾಣಬೇಕು.