ಮಣಿಕಟ್ಟಿನ ಗೆಡ್ಡೆ ತೆಗೆದರೆ ಲೋಹದ ಕೀಲು ಹಾಕಿಸಬೇಕಾ, ಕಾಲಿನ ಮೂಳೆ ಸಾಕಾ?

ನಿಮ್ಮ ತಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಾನೆ, ಬಲಗೈ ಮಣಿಕಟ್ಟಿಗೆ ಜೈಂಟ್ ಸೆಲ್ ಟ್ಯೂಮರ್ ಎಂಬ ಮೂಳೆ ಗೆಡ್ಡೆ ಎಂದಿದ್ದೀರಿ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಅಲ್ಲ. ಆದರೆ ಮೂಳೆ ತಿನ್ನುತ್ತದೆ, ಮತ್ತೆ ಬರುವ ಚಾಳಿಯೂ ಇದೆ. 20ರಿಂದ 40ರ ವಯಸ್ಸಿನವರಲ್ಲೇ ಜಾಸ್ತಿ.

ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆಯ ತುದಿ ಹೋದರೆ ಅಂಗೈಗೆ ಆಸರೆಯೇ ಇರುವುದಿಲ್ಲ, ಅಲ್ವಾ? ಅಲ್ಲಿಗೆ ಕಾಲಿನ ಫಿಬುಲಾ ಮೂಳೆಯ ಮೇಲ್ತುದಿ ತಂದು ಪ್ಲೇಟ್, ಸ್ಕ್ರೂ ಹಾಕಿ ಕೂರಿಸುತ್ತಾರೆ. ಸ್ವಂತ ಮೂಳೆ, ಕೂಡಿಕೊಂಡರೆ ಬಾಳಿಕೆ ಬರುತ್ತದೆ. ಕೂಡಲು ಮಾತ್ರ ತಿಂಗಳುಗಳು ಬೇಕು. ಕೀಲು ಜಾರುವುದೂ ಉಂಟು.

ಸ್ಕ್ಯಾನ್ ಅಳತೆಗೆ ಮಾಡಿಸುವ ಟೈಟಾನಿಯಂ ಕೀಲಿಗೆ ಮೂಳೆ ಕೂಡುವವರೆಗೆ ಅಷ್ಟು ಕಾಯಬೇಕಿಲ್ಲ, ಕಾಲಿಗೂ ಗಾಯವಿಲ್ಲ. ಆದರೆ ವರ್ಷಗಳು ಕಳೆದಂತೆ ಸಡಿಲವಾಗಬಹುದು. ಸೋಂಕು ತಗುಲಿದರೆ ತೆಗೆಯಬೇಕಾಗಿಯೂ ಬರಬಹುದು. ಭಾರದ ಕೆಲಸಕ್ಕೆ ಒಗ್ಗುವುದಿಲ್ಲ.

ಮೂರನೇ ದಾರಿಯೂ ಇದೆ: ಮಣಿಕಟ್ಟು ಬಗ್ಗದಂತೆ ಮೂಳೆಗಳನ್ನು ಬೆಸೆಯುವುದು. ಕೇಳೋಕೆ ಬೇಜಾರು, ಆದರೆ ಹಿಡಿತ ಗಟ್ಟಿ. ಬಿಸಿನೀರಿನ ಗೂಡಿನಿಂದ ಎಳೆ ಹುಡುಕುವುದು ಬೆರಳುಗಳು ತಾನೇ, ಅವು ಆಡುತ್ತವೆ. ಗೂಡಿನ ಮೂಟೆಯನ್ನೂ ಎತ್ತುವವನಾದರೆ ನಾನು ಮೊದಲು ಇದನ್ನೇ ವಿಚಾರಿಸುತ್ತೇನೆ.

ಬಯಾಪ್ಸಿಗೆ (ಗೆಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಮುಂಚೆಯೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಮೂಳೆ ಗೆಡ್ಡೆಯ ಸರ್ಜನ್‌ಗೆ ತೋರಿಸಿ. ಸೂಜಿ ಚುಚ್ಚುವ ಜಾಗವನ್ನೂ ಆಪರೇಷನ್ ಮಾಡುವವರೇ ಗುರುತಿಸಲಿ.