ಇಟಲಿಯ ಎಯೋಲಿಯನ್ ದ್ವೀಪಗಳನ್ನು ಯಾಟ್‌ನಲ್ಲಿ ಸುತ್ತಲು ಒಂದು ವಾರ ಸಾಕೇ?

ಸಾಕು, ಏಳು ದ್ವೀಪಗಳನ್ನೂ ಮುಟ್ಟಿಯೇ ಬರಬೇಕೆಂಬ ಹಟ ಬಿಟ್ಟರೆ.

ಸಿಸಿಲಿಯ ಉತ್ತರಕ್ಕಿರುವ ಇವೆಲ್ಲ ಜ್ವಾಲಾಮುಖಿಗಳಿಂದ ಹುಟ್ಟಿದ ದ್ವೀಪಗಳು. ಸಿಸಿಲಿಯ ಬಂದರು ಮಿಲಾಜೊ ಕಡೆಯಿಂದ ಹೊರಟರೆ ಮೊದಲು ಎದುರಾಗುವುದು ವುಲ್ಕಾನೊ. ಅಲ್ಲಿನ ಗಂಧಕದ ವಾಸನೆ ಕೊಳೆತ ಮೊಟ್ಟೆಯನ್ನು ನೆನಪಿಸುತ್ತದೆ. ಪಕ್ಕದ ಲಿಪಾರಿಯಲ್ಲಿ ನೀರು, ದಿನಸಿ ತುಂಬಿಸಿಕೊಳ್ಳಿ. ಸಲೀನಾಕ್ಕೆ ಒಂದು ರಾತ್ರಿ ಕೊಡಿ. ಅಲ್ಲಿನ ಕೇಪರ್ ಮೊಗ್ಗುಗಳನ್ನು ಉಪ್ಪಿನಲ್ಲಿ ಹಾಕಿಡುತ್ತಾರೆ, ನಮ್ಮ ಮಿಡಿ ಮಾವಿನಂತೆ.

ಪ್ರವಾಸದ ತಿರುಳು ಮಾತ್ರ ಸ್ಟ್ರಾಂಬೋಲಿ. 924 ಮೀಟರ್ ಎತ್ತರದ ಈ ಬೆಟ್ಟ ಶತಮಾನಗಳಿಂದ ಬಹುತೇಕ ಬಿಡುವಿಲ್ಲದೆ ಸಿಡಿಯುತ್ತಿದೆ. ಕತ್ತಲಾದ ಮೇಲೆ ವಾಯವ್ಯದ ಇಳಿಜಾರು ಶಾರಾ ದೆಲ್ ಫ್ವೊಕೊದ ಎದುರು, ಅಧಿಕಾರಿಗಳು ಗೊತ್ತುಪಡಿಸಿದ ಅಂತರದಲ್ಲಿ, ಎಂಜಿನ್ ನಿಧಾನಿಸಿ ಕಾಯಿರಿ. ಮೊದಲು ಕಿಡಿಯ ಚಿಲುಮೆ ಕಾಣಿಸುತ್ತದೆ, ಗುಡುಗು ಆಮೇಲೆ ಕೇಳಿಸುತ್ತದೆ. ಆದರೆ ರಾತ್ರಿ ತಂಗಲು ಇದು ಒಳ್ಳೆಯ ಜಾಗವಲ್ಲ: ದಡದಿಂದ ಸ್ವಲ್ಪ ಸರಿದರೂ ತಳ ಕಡಿದಾಗಿ ಆಳಕ್ಕಿಳಿಯುತ್ತದೆ, ಲಂಗರು ಭದ್ರವಾಗಿ ಕೂರುವುದಿಲ್ಲ, ಅಲೆಗೆ ಮರೆಯೂ ಇಲ್ಲ. ಹವೆ ಕೆಟ್ಟರೆ ಹೊರಡಲೇಬೇಕು. ಈ ದ್ವೀಪಗಳಿಗೆ ಗ್ರೀಕರ ಗಾಳಿದೇವ ಎಯೋಲಸ್‌ನ ಹೆಸರು ಸುಮ್ಮನೆ ಬಂದದ್ದಲ್ಲ!

ಆಗಸ್ಟ್ ಬೇಡ, ಇಡೀ ಇಟಲಿಗೆ ಆಗ ರಜೆ. ಜೂನ್ ಅಥವಾ ಸೆಪ್ಟೆಂಬರ್ ಹಿತ. ಪಶ್ಚಿಮದ ಫಿಲಿಕುಡಿ, ಅಲಿಕುಡಿಗಳನ್ನು ಗಾಳಿ ಒಪ್ಪಿದರೆ ನೋಡಿ.