ಶಂಕರ್ ನಾಗ್ ಮೇಲಿನ ಪ್ರೀತಿ ಬರೀ ಮರುಕವೇ?

ನಿಮ್ಮ ಪ್ರಶ್ನೆಯನ್ನು ಚಿಕ್ಕದು ಮಾಡಿ ಹೇಳುವುದಾದರೆ ಹೀಗೆ: ಶಂಕರ್ ನಾಗ್ ಚಿತ್ರರಂಗದಲ್ಲಿದ್ದದ್ದು ಹನ್ನೆರಡು ವರ್ಷ, ನೀವು ನೋಡಿದ ಅವರ ಚಿತ್ರಗಳಲ್ಲಿ ಹೆಚ್ಚಿನವು ಸಾಧಾರಣ ಹೊಡೆದಾಟದ ಚಿತ್ರಗಳು, ಆದರೂ ಆಟೊಗಳ ಹಿಂದೆ, ಅಂಗಡಿಗಳ ಗೋಡೆಯ ಮೇಲೆ ಇಂದಿಗೂ ಅವರ ಮುಖ ಏಕಿದೆ? ಅಕಾಲದಲ್ಲಿ ಹೋದರೆಂಬ ಮರುಕವೇ ಇದಕ್ಕೆ ಕಾರಣವೇ? ನಿಜಕ್ಕೂ ನೋಡಬೇಕಾದವು ಯಾವುವು?

ನಾನು ಶಿವಮೊಗ್ಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವನು. ಸಂಜೆ ಹೊತ್ತು ಆಸಕ್ತ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಹಳೆಯ ಚಿತ್ರಗಳನ್ನು ತೋರಿಸುತ್ತೇನೆ, ಆಮೇಲೆ ಮಾತಾಡುತ್ತೇವೆ. ಶಂಕರ್ ನಾಗ್ ತೀರಿಕೊಂಡ ಮೇಲೆ ಹುಟ್ಟಿದ ಮಕ್ಕಳು ಅವರು. ಅವರಿಗೆ ಮರುಕದ ಹಂಗಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ. ಮೊದಲ ಸಾಲಿನಲ್ಲಿ ಕುಳಿತವರು ನೇರವಾಗಿಯೇ ಕೇಳುತ್ತಾರೆ.

ಮೊದಲು ನೀವು ಹೇಳಿದ್ದರಲ್ಲಿ ಸರಿಯಾದದ್ದನ್ನು ಒಪ್ಪಿಕೊಳ್ಳುತ್ತೇನೆ. ನಟನಾಗಿ ಅವರು ಎಂಬತ್ತರ ಆಸುಪಾಸು ಚಿತ್ರಗಳನ್ನು ಮಾಡಿದರು, ಅವುಗಳಲ್ಲಿ ಬಹುಪಾಲನ್ನು ಇಂದು ಮತ್ತೆ ನೋಡಲು ತಾಳ್ಮೆ ಬೇಕು. ಕಥೆ ತೆಳು, ಹೊಡೆದಾಟ ಧಾರಾಳ, ಹಾಡುಗಳಲ್ಲಿ ಅವರ ಕುಣಿತ ಅಷ್ಟಕ್ಕಷ್ಟೆ. 'ಕರಾಟೆ ಕಿಂಗ್' ಎಂಬ ಬಿರುದು ಆ ಚಿತ್ರಗಳಿಂದಲೇ ಬಂದದ್ದು. ಆದರೆ ಅಲ್ಲಿಯೂ ಒಂದು ಮಾತಿದೆ. 1980ರಲ್ಲಿ ಬಂದ 'ಆಟೋ ರಾಜ'ದಲ್ಲಿ ಖಾಕಿ ತೊಟ್ಟು ಆಟೊ ಓಡಿಸುವವನು ನಾಯಕ. ದಿನವಿಡೀ ಹೊಗೆ ಕುಡಿಯುತ್ತ, ಬಾಡಿಗೆಗೆ ಚೌಕಾಸಿ ಮಾಡಿಸಿಕೊಳ್ಳುವ ಮನುಷ್ಯನಿಗೆ ಪರದೆಯ ಮೇಲೆ ಘನತೆ ಸಿಕ್ಕಿತು, ಅದನ್ನು ಕೊಟ್ಟವನನ್ನು ಅವರು ಮರೆಯಲಿಲ್ಲ. ಸ್ಟಿಕ್ಕರ್ ಅಂಟಿಸಿಕೊಂಡಿರುವ ಇಂದಿನ ಎಷ್ಟೋ ಚಾಲಕರು ಆ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿದವರೇ ಅಲ್ಲ. ಅಪ್ಪನ ಆಟೊದಿಂದ ಮಗನ ಆಟೊಗೆ ಬಂದ ಪ್ರೀತಿ ಅದು. ಮರುಕಕ್ಕೆ ಇಷ್ಟು ಆಯುಸ್ಸು ಇರುವುದಿಲ್ಲ ಎಂಬುದು ನನ್ನ ನಂಬಿಕೆ.

ಇನ್ನು ನನ್ನ ಮುಖ್ಯ ಮಾತು. ಶಂಕರ್ ನಾಗ್ ಅವರನ್ನು ಅಳೆಯಬೇಕಾದದ್ದು ಅವರು ನಟಿಸಿದ ಚಿತ್ರಗಳಿಂದಲ್ಲ, ಅವರು ನಿರ್ದೇಶಿಸಿದವುಗಳಿಂದ. ಅವುಗಳನ್ನು ಸಾಲಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಹೊರಗೆ ತಾನು ದೊಡ್ಡ ತಾರೆಯಾಗಿದ್ದರೂ, ಕ್ಯಾಮೆರಾ ತನ್ನ ಕೈಗೆ ಬಂದ ಕೂಡಲೇ ಈ ಮನುಷ್ಯ ಪಕ್ಕಕ್ಕೆ ಸರಿದು ಬೇರೆಯವರಿಗೆ ಜಾಗ ಮಾಡಿಕೊಡುತ್ತಾನೆ. ನಟನೇ ನಿರ್ದೇಶಕನಾದಾಗ ಸಾಮಾನ್ಯವಾಗಿ ಆಗುವುದು ಇದರ ತದ್ವಿರುದ್ಧ.

ಈ ಗುಣದ ಬೇರು ರಂಗಭೂಮಿಯಲ್ಲಿದೆ. ಅವರು ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ. ಓದು ಮುಗಿಸಿ ಮುಂಬೈಗೆ ಹೋದರು, ಅಲ್ಲಿ ಮರಾಠಿ ನಾಟಕಗಳಲ್ಲಿ ತೊಡಗಿಕೊಂಡರು. ಮುಂದೆ ಪತ್ನಿಯಾದ ಅರುಂಧತಿ ಅವರ ಪರಿಚಯವಾದದ್ದೂ ಆ ನಾಟಕಗಳ ನಡುವೆಯೇ. ಅಣ್ಣ ಅನಂತ್ ನಾಗ್ ಆ ಹೊತ್ತಿಗಾಗಲೇ ಹೊಸ ಅಲೆಯ ಚಿತ್ರಗಳಲ್ಲಿ ಹೆಸರು ಮಾಡಿದ್ದರು. ತಂಡವಾಗಿ ನಾಟಕ ಕಟ್ಟುವವರಿಗೆ ಒಂದು ಅಭ್ಯಾಸ ಬೆಳೆಯುತ್ತದೆ. ಇಂದು ಮುಖ್ಯ ಪಾತ್ರ ಮಾಡಿದವನು ನಾಳೆ ಪರದೆ ಎಳೆಯುತ್ತಾನೆ. ಶಂಕರ್ ನಾಗ್ ಸಿನಿಮಾಕ್ಕೆ ಬಂದ ಮೇಲೂ ಆ ಅಭ್ಯಾಸವನ್ನು ಬಿಡಲಿಲ್ಲ.

ಸಿನಿಮಾಕ್ಕೆ ಕರೆತಂದವರು ಗಿರೀಶ್ ಕಾರ್ನಾಡ್. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದ ಕೂಲಿ ಸೈನಿಕ ಗಂಡುಗಲಿಯ ಪಾತ್ರ. ಎದುರಿಗೆ ಸುಂದರ್ ಕೃಷ್ಣ ಅರಸ್ ಅವರಂಥ ಭಾರಿ ಕಂಠದ, ಭಾರಿ ಮೈಕಟ್ಟಿನ ನಟ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ಹುಡುಗ ಅವರ ಮುಂದೆ ಸಣ್ಣವನಾಗಿ ಕಾಣಬೇಕಿತ್ತು. ಆದರೆ ಆ ಚುರುಕು ಕಣ್ಣು, ಒಂದು ಕಡೆ ನಿಲ್ಲಲಾರದ ಮೈ, ಯಾರಿಗೂ ಸೇರದವನ ಒರಟುತನ ಎಲ್ಲವೂ ಪಾತ್ರಕ್ಕೆ ಒದಗಿ ಬಂದವು. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಮೊದಲ ಮುಖ್ಯ ಪಾತ್ರಕ್ಕೇ ಅಂಥ ಮನ್ನಣೆ ಸಿಕ್ಕವನು ಆಯ್ದ ಕಲಾತ್ಮಕ ಚಿತ್ರಗಳಲ್ಲಷ್ಟೇ ನಟಿಸುತ್ತ ಗೌರವದಿಂದ ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ, ಸಿಕ್ಕ ಸಿಕ್ಕ ಚಿತ್ರಗಳನ್ನು ಒಪ್ಪಿಕೊಂಡರು. ಅದಕ್ಕೆ ಅವರನ್ನು ಬೈದವರಿದ್ದಾರೆ. ನನಗೆ ಮಾತ್ರ ಅದು ಲೆಕ್ಕ ಹಾಕಿ ಮಾಡಿದ ಕೆಲಸವಾಗಿ ಕಾಣುತ್ತದೆ. ಆ ಚಿತ್ರಗಳ ಜೊತೆಜೊತೆಗೇ ಅವರು ತಮ್ಮ ಚಿತ್ರಗಳನ್ನು ಕಟ್ಟಿದರು, 'ಸಂಕೇತ್' ನಾಟಕ ತಂಡವನ್ನು ನಡೆಸಿದರು, ಕನ್ನಡ ಚಿತ್ರಗಳ ಕೆಲಸಕ್ಕೆ ಮದರಾಸಿಗೆ ಓಡಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ಅದೇ ಹೆಸರಿನ ಧ್ವನಿಮುದ್ರಣ ಸ್ಟುಡಿಯೊ ತೆರೆದರು. ದುಡಿದದ್ದನ್ನು ಮತ್ತೆ ಕೆಲಸಕ್ಕೇ ಸುರಿದವರು ಅವರು.

ನಿರ್ದೇಶಿಸಿದ ಮೊದಲ ಚಿತ್ರ 1980ರ 'ಮಿಂಚಿನ ಓಟ'. ಕಾರು ಕದಿಯುವವರ, ಜೈಲಿನಿಂದ ಪಾರಾಗಲು ಹೆಣಗುವವರ ಕಥೆ. ಮೂವರು ಮುಖ್ಯರು: ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್. ಇದನ್ನು ತೋರಿಸಿದಾಗಲೆಲ್ಲ ವಿದ್ಯಾರ್ಥಿಗಳು ಮೊದಲು ಹೇಳುವುದು ವೇಗದ ಬಗ್ಗೆ. ನನ್ನ ಕಣ್ಣು ಹೋಗುವುದು ಲೋಕನಾಥ್ ಅವರ ಕಡೆಗೆ. ರಂಗಭೂಮಿಯಿಂದ ಬಂದ, ಸಣ್ಣಪುಟ್ಟ ಪಾತ್ರಗಳಿಗೇ ಮೀಸಲಾಗುತ್ತಿದ್ದ ಹಿರಿಯ ನಟನನ್ನು ಇಬ್ಬರು ಹೀರೋಗಳ ಸರಿಸಮಕ್ಕೆ ನಿಲ್ಲಿಸಿ, ಮೂವರ ಸ್ನೇಹವನ್ನು ಚಿತ್ರದ ಜೀವವನ್ನಾಗಿ ಮಾಡುವುದು ಮೊದಲ ಚಿತ್ರ ಮಾಡುತ್ತಿರುವವನಿಗೆ ಸುಲಭವಲ್ಲ. ಕಳ್ಳರನ್ನು ಒಳ್ಳೆಯವರನ್ನಾಗಿ ಮಾಡುವ ಹಟವಾಗಲಿ, ಉಪದೇಶವಾಗಲಿ ಇಲ್ಲಿಲ್ಲ. ರಾಜ್ಯ ಸರ್ಕಾರದ ಮೊದಲ ಅತ್ಯುತ್ತಮ ಚಿತ್ರ ಪ್ರಶಸ್ತಿ ಇದಕ್ಕೆ ಸಿಕ್ಕಿತು.

ಅದೇ ವರ್ಷ 'ಜನ್ಮ ಜನ್ಮದ ಅನುಬಂಧ', ಮರುವರ್ಷ 'ಗೀತಾ'. ಎರಡಕ್ಕೂ ಇಳಯರಾಜಾ ಸಂಗೀತ. 'ಗೀತಾ'ದಲ್ಲಿ ಮಾತ್ರ ಅವರೇ ನಾಯಕ, ನಾನು ಮೇಲೆ ಹೇಳಿದ ಮಾತಿಗೆ ಅದೊಂದು ಅಪವಾದ. ರೋಗಕ್ಕೆ ತುತ್ತಾದ ಹುಡುಗಿಯ ಪ್ರೇಮಕಥೆ. ಕಥೆಯಲ್ಲಿ ಹೊಸತೇನೂ ಇಲ್ಲ, ಹಾಡುಗಳು ಮಾತ್ರ ಊರ ತೇರಿನಲ್ಲಿ, ಮದುವೆಮನೆಯಲ್ಲಿ ಇಂದಿಗೂ ಬಾಳುತ್ತಿವೆ. 'ಜೊತೆಯಲಿ ಜೊತೆಜೊತೆಯಲಿ'ಯ ಧಾಟಿಯನ್ನು ಇಳಯರಾಜಾ ಅವರೇ ಎಷ್ಟೋ ವರ್ಷಗಳ ನಂತರ ಒಂದು ಹಿಂದಿ ಚಿತ್ರಕ್ಕೂ ಬಳಸಿದರು.

ನೀವು ಒಂದೇ ಚಿತ್ರ ನೋಡುವುದಾದರೆ 'ಆಕ್ಸಿಡೆಂಟ್' ನೋಡಿ. 1985ರದು. ರಾಜಕಾರಣಿಯ ಮಗನೊಬ್ಬ ಅಮಲಿನಲ್ಲಿ ಕಾರು ಓಡಿಸಿ, ಹಳ್ಳಿಯಿಂದ ಹೊಟ್ಟೆಪಾಡಿಗೆ ಬಂದು ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ. ಆಮೇಲಿನದು ಮುಚ್ಚಿಹಾಕುವ ಕಥೆ. ಅಪ್ಪನಾಗಿ ಅನಂತ್ ನಾಗ್, ಜಾಡು ಹಿಡಿದು ಹೋಗುವ ಪತ್ರಕರ್ತನಾಗಿ ಶಂಕರ್ ನಾಗ್. ಹೊರಗಿನ ಚಿತ್ರಗಳಲ್ಲಿ ಹತ್ತು ಜನರನ್ನು ಒಟ್ಟಿಗೆ ಕೆಡವುತ್ತಿದ್ದವನು ತನ್ನದೇ ಚಿತ್ರದಲ್ಲಿ ಪ್ರಶ್ನೆ ಕೇಳುತ್ತ ಓಡಾಡುವ ಸಾಮಾನ್ಯ ಮನುಷ್ಯ. ಅಭಿನಯಕ್ಕೆ ಹೆಚ್ಚು ಅವಕಾಶವಿರುವ, ಒಳಗೊಳಗೇ ಬೇಯುವ ಪಾತ್ರವನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದಾರೆ. ಅನಂತ್ ನಾಗ್ ಅದನ್ನು ಖಳನ ಪಾತ್ರವಾಗಿ ಮಾಡಲಿಲ್ಲ. ಮಗನನ್ನು ಉಳಿಸಿಕೊಳ್ಳಬೇಕೆಂಬ ಅಪ್ಪ ಮತ್ತು ಕುರ್ಚಿ ಉಳಿಸಿಕೊಳ್ಳಬೇಕೆಂಬ ರಾಜಕಾರಣಿ, ಇಬ್ಬರಲ್ಲಿ ಯಾರು ಮಾತಾಡುತ್ತಿದ್ದಾರೆಂದು ತಿಳಿಯದ ಹಾಗೆ ಆ ಧ್ವನಿಯನ್ನು ಹಿಡಿದಿದ್ದಾರೆ. ಇತರ ಸಾಮಾಜಿಕ ಸಮಸ್ಯೆಗಳನ್ನು ಕುರಿತ ಚಿತ್ರಗಳ ವಿಭಾಗದಲ್ಲಿ ಇದಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಈ ಚಿತ್ರ ಮುಗಿದ ಮೇಲೆ ನಮ್ಮ ಕೋಣೆಯಲ್ಲಿ ನಡೆಯುವ ಚರ್ಚೆಯೇ ಬೇರೆ. 'ಇದು ಮೊನ್ನೆ ಪತ್ರಿಕೆಯಲ್ಲಿ ಬಂದದ್ದಲ್ಲವೇ?' ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಕಾರು ಯಾರದೆಂದು ಗೊತ್ತಾದ ಕ್ಷಣದಿಂದ ಜನರ ಮಾತು ಹೇಗೆ ಮೆಲ್ಲಮೆಲ್ಲಗೆ ಬದಲಾಗುತ್ತದೆ ಎಂಬುದನ್ನು ಅವರು ಗಮನಿಸುತ್ತಾರೆ. ಸತ್ತವರ ಬಗ್ಗೆ ಕನಿಕರ ತೋರಿಸಿ ಸುಮ್ಮನಾಗುವ ಚಿತ್ರ ಇದಲ್ಲ. ಅವರನ್ನು ಲೆಕ್ಕದಿಂದ ಅಳಿಸಿಹಾಕುವ ವ್ಯವಸ್ಥೆಯ ಕೀಲುಗಳನ್ನು ಒಂದೊಂದಾಗಿ ತೋರಿಸುತ್ತದೆ.

'ಒಂದು ಮುತ್ತಿನ ಕಥೆ' (1987) ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ಲೇಖಕ ಸ್ಟೀನ್‌ಬೆಕ್ ಅವರ ಕಾದಂಬರಿಯನ್ನು ಆಧರಿಸಿದ್ದು, ರಾಜ್‌ಕುಮಾರ್ ಬೆಸ್ತನ ಪಾತ್ರದಲ್ಲಿದ್ದಾರೆ. ನೀರಿನಡಿಯ ದೃಶ್ಯಗಳಿಗೆ ಪಟ್ಟ ಶ್ರಮ ಮೆಚ್ಚುವಂಥದ್ದು. ಆದರೆ ಮೂಲ ಕಥೆಯ ಬಿಗಿ ಸಡಿಲವಾಗಿದೆ. ರಾಜ್‌ಕುಮಾರ್ ಅವರಂಥ ನಟನಿಗೆ ಅಭಿಮಾನಿಗಳು ಬಯಸುವ ಯಾವುದನ್ನೂ ಕೊಡದೆ ಬಡ ಮೀನುಗಾರನನ್ನಾಗಿ ನಿಲ್ಲಿಸಿದ ಧೈರ್ಯಕ್ಕಾಗಿ ನೋಡಬಹುದು.

'ಮಾಲ್ಗುಡಿ ಡೇಸ್' ವಿಷಯ ಹಾಗಲ್ಲ. ಆರ್.ಕೆ. ನಾರಾಯಣ್ ಅವರ ಊರು ನಕ್ಷೆಯಲ್ಲಿಲ್ಲ. ಅದನ್ನು ಶಂಕರ್ ನಾಗ್ ನಮ್ಮ ಆಗುಂಬೆಯಲ್ಲಿ ಕಟ್ಟಿದರು. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ಶೀರ್ಷಿಕೆಗೆ ಆರ್.ಕೆ. ಲಕ್ಷ್ಮಣ್ ಅವರ ರೇಖೆಗಳು. ದೂರದರ್ಶನದ ಹಿಂದಿ ಧಾರಾವಾಹಿ; ಮೊದಲ ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ನಟರು ಮಾತ್ರ ಹೆಚ್ಚಿನಂಶ ಇಲ್ಲಿಯವರೇ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಬೇರೆ ಕಥೆಗಳಲ್ಲಿ ಅನಂತ್ ನಾಗ್, ವಿಷ್ಣುವರ್ಧನ್. ತನ್ನನ್ನು ಸಿನಿಮಾಕ್ಕೆ ತಂದ ಗುರುವನ್ನು ತನ್ನ ಕ್ಯಾಮೆರಾ ಮುಂದೆ ಗದರುವ ಅಪ್ಪನಾಗಿ ಕೂರಿಸಿದ್ದು ನನಗೆ ಬಹಳ ಇಷ್ಟದ ಸಂಗತಿ.

ಈ ಧಾರಾವಾಹಿಯಲ್ಲಿ ನನ್ನನ್ನು ಸೆಳೆಯುವುದು ಅದರ ಸಂಯಮ. ಶಾಲೆಯ ಹೆದರಿಕೆ, ಅಜ್ಜಿಯ ಪಕ್ಕದಲ್ಲಿ ಸಿಗುವ ಧೈರ್ಯ, ಗೆಳೆಯನೊಬ್ಬ ರೈಲು ಹತ್ತಿ ಹೊರಟುಹೋಗುವುದು, ಇವೆಲ್ಲ ದೊಡ್ಡವರ ಕಣ್ಣಿಗೆ ಚಿಲ್ಲರೆ ಸಂಗತಿಗಳು. ಅವುಗಳ ಮೇಲೆ ಸಂಗೀತ ಸುರಿದು ಅಳಿಸುವುದು ಸುಲಭವಿತ್ತು. ಮಗುವಿನ ಎತ್ತರಕ್ಕೆ ಬಗ್ಗಿ, ಅದಕ್ಕೆ ಎಷ್ಟು ದೊಡ್ಡದಾಗಿ ಕಾಣುತ್ತದೆಯೋ ಅಷ್ಟೇ ತೋರಿಸಿ ನಿಲ್ಲಿಸಿದ್ದಾರೆ. ಅದೇ ವರ್ಷಗಳಲ್ಲಿ ಅವರು ಹೊರಗೆ ಪೊಲೀಸ್ ಅಧಿಕಾರಿಯಾಗಿ, ಹೊಡೆದಾಟದ ನಾಯಕನಾಗಿ ಒಂದಾದ ಮೇಲೊಂದು ಚಿತ್ರ ಮಾಡುತ್ತಿದ್ದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಧಾರಾವಾಹಿಯಲ್ಲಿ ಕಾಣುವ ಅರಸಾಳು ರೈಲು ನಿಲ್ದಾಣವನ್ನು ರೈಲ್ವೆ ಇಲಾಖೆ ಸರಿಪಡಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಮಾಡಿದೆ. ನಮ್ಮ ಜಿಲ್ಲೆಯ ಸಣ್ಣ ನಿಲ್ದಾಣ ಅದು, ಈ ಕಡೆ ಬಂದರೆ ಹೋಗಿ ಬನ್ನಿ.

ಬೆಂಗಳೂರಿಗೆ ಮೆಟ್ರೊ, ನಂದಿ ಬೆಟ್ಟಕ್ಕೆ ರೋಪ್‌ವೇ ಎಂದು ಅವರು ಕಂಡ ಕನಸುಗಳ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಪ್ರತಿ ನವೆಂಬರ್ 9ಕ್ಕೂ, ಸೆಪ್ಟೆಂಬರ್ 30ಕ್ಕೂ ಆ ಕಥೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ, ಹರಿದಾಡುತ್ತ ಬೆಳೆಯುತ್ತವೆ. ನಾನು ಅವುಗಳ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಮಾಡದೆ ಉಳಿದದ್ದನ್ನು ಹೊಗಳುವ ಭರದಲ್ಲಿ, ಮಾಡಿಟ್ಟು ಹೋದ ಚಿತ್ರಗಳನ್ನು ನೋಡುವವರೇ ಇಲ್ಲದಂತಾಗಿದೆ. ಅಭಿಮಾನಿಗಳಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: 'ಆಕ್ಸಿಡೆಂಟ್'ನ ಒಳ್ಳೆಯ, ಸ್ವಚ್ಛವಾದ ಪ್ರತಿಯೊಂದನ್ನು ಸಾರ್ವಜನಿಕರಿಗೆ ಸಿಗುವಂತೆ ಮಾಡಿಸಲು ಒತ್ತಾಯಿಸಿ. ನಾನು ತೋರಿಸುತ್ತಿರುವ ಪ್ರತಿಯಲ್ಲಿ ಬಣ್ಣ ಮಾಸಿದೆ, ಮಾತು ಎಷ್ಟೋ ಕಡೆ ಕೇಳಿಸುವುದಿಲ್ಲ.

ಮರುಕದ ಮಾತಿಗೆ ಬರುತ್ತೇನೆ. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ, 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಹೋಗುವಾಗ ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತವಾಯಿತು. ಮೂವತ್ತಾರು ತುಂಬಿರಲಿಲ್ಲ. ಆ ನೋವು ಜನರ ಪ್ರೀತಿಯಲ್ಲಿ ಸೇರಿಕೊಂಡಿರುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬರೀ ನೋವಾಗಿದ್ದರೆ ಪುತ್ಥಳಿಗಳಿಗೆ, ರಸ್ತೆಯ ಹೆಸರುಗಳಿಗೆ ಮುಗಿಯುತ್ತಿತ್ತು. ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಅರುಂಧತಿ ನಾಗ್ ಚೇತರಿಸಿಕೊಂಡು, ವರ್ಷಗಟ್ಟಲೆ ಓಡಾಡಿ, ದೇಣಿಗೆ ಕೂಡಿಸಿ, 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗ ಶಂಕರ'ವನ್ನು ತೆರೆದರು. ನಾಟಕಕ್ಕೆಂದೇ ಕಟ್ಟಿದ ರಂಗಮಂದಿರ. ಸಣ್ಣ ತಂಡಗಳಿಗೂ ಎಟುಕುವ ಬಾಡಿಗೆ. ಭಾಷಣ, ಸನ್ಮಾನ, ಮದುವೆಗೆ ಅಲ್ಲಿ ಜಾಗವಿಲ್ಲ. ಶಂಕರ್ ನಾಗ್ ತಮ್ಮ ಚಿತ್ರಗಳಲ್ಲಿ ಬೇರೆಯವರಿಗೆ ಜಾಗ ಮಾಡಿಕೊಟ್ಟರು ಎಂದೆನಲ್ಲ, ಅವರ ಹೆಸರಿನ ಆ ಕಟ್ಟಡವೂ ಅದೇ ಕೆಲಸ ಮಾಡುತ್ತಿದೆ. ಅವರನ್ನು ಕಂಡೇ ಇರದ ಹುಡುಗ ಹುಡುಗಿಯರು ಅಲ್ಲಿ ಮೊದಲ ಬಾರಿಗೆ ರಂಗ ಏರುತ್ತಾರೆ.

ನೋಡುವ ಕ್ರಮ ಕೇಳಿದ್ದೀರಿ. 'ಆಕ್ಸಿಡೆಂಟ್' ಮೊದಲು, 'ಮಿಂಚಿನ ಓಟ' ಆಮೇಲೆ. ನಟನನ್ನು ನೋಡಲು 'ಒಂದಾನೊಂದು ಕಾಲದಲ್ಲಿ', ಅದರ ನಂತರ ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ 'ತರ್ಕ' (1989). ಹೊಸ ನಿರ್ದೇಶಕನೊಬ್ಬ ಹಾಡುಗಳಿಲ್ಲದ ಚಿತ್ರ ಮಾಡುತ್ತೇನೆಂದಾಗ ಅವರು ಜೊತೆ ನಿಂತದ್ದು ಅಲ್ಲಿ ಕಾಣುತ್ತದೆ. 'ಮಾಲ್ಗುಡಿ ಡೇಸ್' ಅನ್ನು ಸ್ವಾಮಿಯ ಕಂತುಗಳಿಂದ ಶುರು ಮಾಡಿ, ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಬೆಂಗಳೂರಿಗೆ ಹೋದಾಗ ರಂಗ ಶಂಕರದಲ್ಲಿ ಒಂದು ನಾಟಕ ನೋಡಿ. ಸ್ವಲ್ಪ ಮುಂಚೆಯೇ ತಲುಪಿ. ನಾಟಕ ಶುರುವಾದ ಮೇಲೆ ಯಾರೇ ಆಗಲಿ ಒಳಗೆ ಬಿಡುವುದಿಲ್ಲ.